ಗುಜರಿಗೆ ಹೋದ ಡಿಸ್ಕಿನ ದಾರಿ ಕಾದ ಯಂತ್ರ

ಉಸಿರು ಕಟ್ಟಿದವರಿಗೆ ಕಾಯಲು ಆಗುವುದಿಲ್ಲ. ಇದನ್ನೂ ಅಚ್ಚು ಹಾಕಿಸಿ ಹೇಳಬೇಕಾಗಿದೆ, ಯಾಕೆಂದರೆ ನಮ್ಮ ಆಂಬ್ಯುಲೆನ್ಸ್ ಕಚೇರಿಗೆ ಅದು ಗೊತ್ತಿರಲಿಲ್ಲ.

ಅಲ್ಲಿ ಕರೆ ಸ್ವೀಕರಿಸುವ ಹೆಂಗಸನ್ನು ಎಲ್ಲರೂ ಫೋನಕ್ಕ ಎನ್ನುತ್ತಾರೆ. ಬಚ್ಚಲಿನಿಂದ ಗಂಡ "ಟವಲ್ ಕೊಡೇ" ಎಂದು ಕೂಗಿದರೂ "ಎಲ್ಲಿಂದ ಮಾತಾಡ್ತಿದೀರಿ, ಹೇಳಿ" ಎಂದು ಬಾಯಿಗೆ ಬರುವಷ್ಟು ವರ್ಷ ಆ ಕುರ್ಚಿಯಲ್ಲಿ ಕೂತಿದ್ದಾಳೆ. ಅವಳ ಮುಂದಿರುವುದು ಲಿನಕ್ಸ್ ಎಂಬ ತಂತ್ರಾಂಶದಿಂದ ನಡೆಯುವ ಒಂದು ಕಂಪ್ಯೂಟರ್. ಯಾವ ಗಾಡಿ ಯಾವ ಬೀದಿಯಲ್ಲಿದೆ ಎಂದು ತೋರಿಸುವುದು ಅದೊಂದೇ. ಅದು ಶುರುವಾಗಲು ತುಂಬಾ ಹೊತ್ತು ಹಿಡಿಯುತ್ತದೆಂದು ಇಡೀ ಕಚೇರಿಗೆ ಗೊತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಮದ್ದೇನು? ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದರು. ಆರಿಸದಿದ್ದರೆ ಶುರು ಮಾಡುವ ಗೋಜೇ ಇಲ್ಲವಲ್ಲ!

ಮೊನ್ನೆ ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಯಾವಾಗಲೋ ಸತ್ತಿತ್ತು. ಕರೆಂಟ್ ಬಂದ ಕೂಡಲೇ ಫೋನಕ್ಕ ಟೇಪ್ ಕಿತ್ತು ಸ್ವಿಚ್ ಒತ್ತಿದಳು. ಪರದೆಯ ಮೇಲೆ ಕಚೇರಿಯ ಲಾಂಛನ ಮೂಡಿತು. ಕೆಳಗೆ ಚುಕ್ಕೆಗಳು ಸುತ್ತತೊಡಗಿದವು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಅಕ್ಕಾ, ನಮ್ಮತ್ತೆಗೆ ಉಸಿರಾಡಕ್ಕಾಗ್ತಿಲ್ಲ! ತುಟಿ ನೀಲಿಯಾಗ್ತಿದೆ!"

"ವಿಳಾಸ ಹೇಳಮ್ಮ... ಸರಿ. ಮಲಗಿಸ್ಬೇಡ, ಒರಗಿಸಿ ಕೂರಿಸು. ಗಾಡಿ ಕಳಿಸ್ತೀನಿ."

ಯಾವ ಗಾಡಿ? ಚುಕ್ಕೆಗಳು ಸುತ್ತುತ್ತಲೇ ಇದ್ದವು. ಇನ್ನೊಂದು ಫೋನಿನಿಂದ ಚಾಲಕರಿಗೆ ಒಬ್ಬೊಬ್ಬರಿಗೇ ಕರೆ ಮಾಡಿದಳು. ಮೊದಲನೆಯವನು ಎತ್ತಲಿಲ್ಲ. ಎರಡನೆಯವನು ಊರಿನ ಆ ತುದಿಯಲ್ಲಿದ್ದ. ಬೇರೆ ದಾರಿ ಕಾಣದೆ ಅವನನ್ನೇ ಓಡಿಸಿದಳು.

"ಬಂತಾ ಅಕ್ಕಾ? ಎಲ್ಲಿದೆ?"

"ಹೊರಟಿದೆ ಕಣಮ್ಮ. ಅತ್ತೆ ಕೈ ಹಿಡ್ಕೊ. ಮಾತಾಡಿಸ್ತಾ ಇರು."

ಮೇಲ್ವಿಚಾರಕ ಬಂದು ಹೆಗಲ ಮೇಲಿಂದ ಇಣುಕಿದ. "ಹಳೇ ಯಂತ್ರ, ಸ್ವಲ್ಪ ತಾಳ್ಮೆ ಇರ್ಲಿ."

"ತಾಳ್ಮೆನಾ? ತಗೊಳಿ ಸಾರ್ ಫೋನು, ಆ ಸೊಸೆಗೆ ನೀವೇ ಹೇಳಿ."

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಕೊನೆಗೂ ನಕ್ಷೆ ತೆರೆದುಕೊಂಡಿತು. ಫೋನ್ ಎತ್ತದ ಮೊದಲ ಚಾಲಕನ ಗಾಡಿ, ಖಾಲಿ ಗಾಡಿ, ಆ ಮನೆಯ ಹಿಂದಿನ ಬೀದಿಯಲ್ಲೇ ನಿಂತಿತ್ತು. ಫೋನಕ್ಕ ಪರದೆಯಿಂದಲೇ ಗಾಡಿಯೊಳಗಿನ ಗಂಟೆ ಬಾರಿಸಿದಳು. ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ. ಅತ್ತೆ ಬದುಕಿದರು. "ಇನ್ನೊಂಚೂರು ತಡವಾಗಿದ್ದರೆ ಉಳೀತಿರ್ಲಿಲ್ಲ" ಎಂದರಂತೆ ವೈದ್ಯರು.

ಮರುದಿನ ಕಂಪ್ಯೂಟರ್ ರಿಪೇರಿಯವನು ಬಂದವನೇ "ಹೊಸದು ತಗೊಳ್ಳಿ" ಎಂಬ ಹಳೆಯ ರಾಗ ತೆಗೆದ. ಫೋನಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಆ ಲಾಂಛನದ ಚಿತ್ರದ ಹಿಂದೆ ಏನು ನಡೀತಿದೆ ಅಂತ ತೋರಿಸೋವರೆಗೂ ನೀನು ಹೋಗೋ ಹಾಗಿಲ್ಲ ತಮ್ಮಾ."

ಯಾವ ಗಾಡಿ ಎಲ್ಲಿದೆ ಎಂದು ಚಾಲಕರನ್ನು ಕೇಳಿಟ್ಟುಕೊಂಡು ಯಂತ್ರ ಆರಿಸಿ, ಮತ್ತೆ ಶುರು ಮಾಡಿಸಿದಳು. ಲಾಂಛನ ಮೂಡಿದಾಗ ಅವನು ಎಸ್ಕೇಪ್ ಕೀ ಒತ್ತಿದ. ಚಿತ್ರ ಸರಿಯಿತು. ಅಕ್ಷರದ ಸಾಲುಗಳು ಸರಸರನೆ ಓಡಿ, ಒಂದು ಸಾಲು ಮಾತ್ರ ಅಲ್ಲಾಡದೆ ನಿಂತಿತು: ಡಿಸ್ಕೊಂದಕ್ಕಾಗಿ ಕಾಯುತ್ತಿದ್ದೇನೆ.

"ಮೆಮೊರಿ ಸಾಲದಿದ್ರೆ ಇರ್ಲಿ ಅಂತ ಆ ಡಿಸ್ಕಲ್ಲಿ ಜಾಗ ಇಟ್ಟಿದಾರೆ ಅಕ್ಕಾ. ಆದ್ರೆ ಇದರೊಳಗೆ ಆ ಡಿಸ್ಕೇ ಇಲ್ಲ! ಕಾದು ಕಾದು ಸಾಕಾದ್ಮೇಲೆ ಮುಂದಕ್ಕೆ ಹೋಗತ್ತೆ."

ಮೇಲ್ವಿಚಾರಕ ಕೆಮ್ಮಿದ. "ಕಿರುಗುಟ್ತಿತ್ತು ಅಂತ ಹೋದ ವರ್ಷ ಗುಜರಿಗೆ ಹಾಕಿಸ್ದೆ."

"ಯಂತ್ರಕ್ಕೆ ಹೇಳಿದ್ರಾ?"

"ಯಂತ್ರಕ್ಕೇನ್ರೀ ಹೇಳೋದು?"

"ಮತ್ತೆ ಈ ಚಿತ್ರ ಯಾಕೆ ಅಡ್ಡ ಇಟ್ರಿ?"

"ಅಕ್ಷರ ಓಡೋದು ಅಸಹ್ಯವಾಗಿ ಕಾಣ್ತಿತ್ತು. ದೊಡ್ಡವರು ಬಂದು ಹೋಗೋ ಜಾಗ..."

ಶುರುವಾಗುವಾಗ ಯಂತ್ರ ಹುಡುಕುವ ಡಿಸ್ಕುಗಳ ಪಟ್ಟಿಯಿಂದ ರಿಪೇರಿಯವನು ಇಲ್ಲದ ಡಿಸ್ಕಿನ ಹೆಸರನ್ನು ಅಳಿಸಿ ಯಂತ್ರವನ್ನು ಮತ್ತೆ ಶುರು ಮಾಡಿದ. ಫೋನಕ್ಕ ಕುರ್ಚಿ ಎಳೆದುಕೊಂಡು ಕೂರುವುದರೊಳಗೆ ನಕ್ಷೆ ಬಂತು. ಸ್ವಿಚ್ಚಿನಿಂದ ಕಿತ್ತಿದ್ದ ಟೇಪನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆದಳು.

ಶುರುವಾದಾಗಲೆಲ್ಲ ಆ ಯಂತ್ರ ತನ್ನ ತೊಂದರೆಯನ್ನು ಬಿಡಿಸಿ ಬರೆದು ತೋರಿಸುತ್ತಿತ್ತು. ನಾವು ಅದರ ಬಾಯಿಗೆ ಬಣ್ಣದ ಬಟ್ಟೆ ತುರುಕಿ, "ಹಳೇದು, ನಿಧಾನ" ಎಂದು ಅದಕ್ಕೇ ಬೈದೆವು. ನಿಮ್ಮ ಕಚೇರಿಯಲ್ಲೂ ಇಂಥದೊಂದಿದೆ. ಇಲ್ಲವೆಂದು ನನ್ನೆದುರು ಹೇಳಬೇಡಿ. ನಾಳೆ ಹೋಗಿ ಆ ಚಿತ್ರ ಸರಿಸಿ, ನಿಂತ ಸಾಲನ್ನು ಓದಿ. ಓದುವವರೆಗೆ ಯಾರಿಗೂ "ಸ್ವಲ್ಪ ಕಾಯಿರಿ" ಎನ್ನಬೇಡಿ.