ಮೂಡಗಾಳಿಯಲ್ಲಿ ಹಡಗು ಹತ್ತಿದ ಚಾಚಿ

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸಿಂದಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ನಾನು ಬಾಡಿಗೆಗಿದ್ದ ಮನೆಯ ಒಡತಿ ಕುಬಸ ಹೊಲಿಯುವ ವಿಧವೆ. ಓಣಿಗೆಲ್ಲ ಅವರು ಚಾಚಿ, ನನಗೂ ಅಷ್ಟೇ.

ಚಾಚಿಗೆ ಹಜ್ ಯಾತ್ರೆಗೆ ಹೋಗಲೇಬೇಕಿತ್ತು. ಆಗ ಬಹಳ ಜನ ಮುಂಬಯಿಯಿಂದ ಹಡಗಿನಲ್ಲೇ ಹೋಗುತ್ತಿದ್ದರು. ಹೆಣ್ಣುಮಗಳು ಒಬ್ಬಳೇ ಹೋಗುವಂತಿರಲಿಲ್ಲ. ಚಾಚಿಗೆ ಇದ್ದ ಗಂಡುದಿಕ್ಕು ತಮ್ಮನೊಬ್ಬನೇ, ಅವನು ಜೊತೆಗೆ ಬರಬೇಕು. ಆದರೆ ಬಜಾರದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಆ ತಮ್ಮ, ಒಂದು ಮಳೆಗಾಲದಲ್ಲಿ ಮಾಲು ತರಲು ಮುಂಬಯಿಗೆ ಹೋದಾಗ, ದಂಡೆಯ ಗೋಡೆ ದಾಟಿ ಬಂದ ತೆರೆಯೊಂದು ಅವನನ್ನು ಕೆಡವಿತ್ತು. ಅಂದಿನಿಂದ ಹಡಗಿನ ಮಾತು ಬಂದರೆ ಎದ್ದು ಹೋಗುತ್ತಿದ್ದ.

ಆಷಾಢದ ಒಂದು ಸಂಜೆ ಗಾಳಿ ತಗಡು ಬಡಿಯುತ್ತಿರುವಾಗ ಚಾಚಿ ಅವನನ್ನು ನನ್ನ ಪಡಸಾಲೆಗೆ ಕರೆತಂದರು.

"ಅಕ್ಕೋರ, ನಾ ಹೇಳಿದ್ರ ಇವ ಕೇಳವಲ್ಲ. ಸಮುದ್ರದ ಗಾಳಿ ಹೆಂಗ ಬೀಸತೈತಿ, ನೀವರ ತಿಳಿಸಿ ಹೇಳ್ರಿ."

ನಾನೂ ಸಮುದ್ರ ಕಂಡವಳಲ್ಲ. ಆದರೂ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ನಮ್ಮ ದೇಶ, ಅರಬಸ್ಥಾನ, ನಡುವೆ ಸಮುದ್ರ ಬರೆದೆ. ಬೇಸಿಗೆಯಲ್ಲಿ ನೆಲ ಕಾದಾಗ ಗಾಳಿ ಭೂಮಧ್ಯರೇಖೆ ದಾಟಿ, ತಿರುಗುವ ಭೂಮಿಯಿಂದಾಗಿ ಬಾಗಿ, ನೈಋತ್ಯದಿಂದ ನಮ್ಮತ್ತ ನುಗ್ಗುತ್ತದೆ ಎಂದೆ. ಅವನನ್ನು ಕೆಡವಿದ ತೆರೆಯನ್ನು ಎಬ್ಬಿಸಿದ್ದು ಅದೇ. ಚಳಿಗಾಲಕ್ಕೆ ನೆಲ ತಣ್ಣಗಾದರೆ ಗಾಳಿ ತಿರುಗಿ ಈಶಾನ್ಯದಿಂದ ಸಮುದ್ರದ ಕಡೆ ಮೆಲ್ಲಗೆ ಬೀಸುತ್ತದೆ, ದೊಡ್ಡ ತೆರೆ ಏಳುವುದಿಲ್ಲ. ಹಿಂದೆ ಹಾಯಿಹಡಗಿನವರು ಅದನ್ನೇ ನಂಬಿ ಅರಬಸ್ಥಾನಕ್ಕೆ ಹೋಗಿ, ಮಳೆಗಾಳಿ ಹಿಡಿದು ಮರಳುತ್ತಿದ್ದರು.

"ಹಜ್ ಈ ಸಲ ಚಳಿಗಾಲದಾಗ ಬರತೈತಿ," ಎಂದರು ಚಾಚಿ. "ಗಾಳಿ ನಮ್ಮ ಬೆನ್ನಿಗಿರತೈತಿ. ಇನ್ನೇನು?"

ಅವನು ಗೆರೆಗಳನ್ನು ಬಹಳ ಹೊತ್ತು ನೋಡಿದ. "ಗಾಳಿ ತಿರುಗಲಿಲ್ಲಂದ್ರ ಮುಂಬಯಿಂದ ವಾಪಸ ಬರ್ತೇನಿ, ಆಪಾ," ಎಂದ ಅಕ್ಕನಿಗೆ.

"ನೀ ಬೇಕಾದ್ರ ವಾಪಸ ಬಾ. ನಾ ಹಡಗ ಹತ್ತಿದ ಮ್ಯಾಲ ಇಳಿಯಾಂಗಿಲ್ಲ."

ಬಿಳಿಜೋಳ ಮೊಣಕಾಲೆತ್ತರ ಬಂದಾಗ ಒಣ ಮೂಡಗಾಳಿ ಬೀಸತೊಡಗಿತು. ಇಬ್ಬರೂ ಹೊರಟರು. ಅವರು ಹೋದ ಮೇಲೆ ನನಗೆ ಹೆದರಿಕೆ ಹತ್ತಿತು. ಪುಸ್ತಕದ ಮಾತು ನಂಬಿಸಿ ಇಬ್ಬರನ್ನು ನೀರಿನ ಮೇಲೆ ಕಳಿಸಿದ್ದೆ. ಬೆಳಿಗ್ಗೆ ಎದ್ದು ಮೊದಲು ಅಂಗಳಕ್ಕೆ ಬಂದು ಗಾಳಿ ಯಾವ ಕಡೆಯದೆಂದು ನೋಡುತ್ತಿದ್ದೆ.

ಎಳೆ ಜೋಳದ ತೆನೆಯ ಸೀತನಿ ಸುಡುವ ಹೊತ್ತಿಗೆ ಅವರು ಮರಳಿದರು. ಚಾಚಿ ಸೊರಗಿದ್ದರು, ದನಿ ಮಾತ್ರ ಮೊದಲಿನಂತೆಯೇ ಗಟ್ಟಿ.

"ಹೋಗೂಮುಂದ ಸಮುದ್ರ ಸಪಾಟ ಇತ್ತ್ರಿ. ಜಿದ್ದಾ ಬಂದರದ ಹತ್ರ ಬಂದಾಗ ಗಾಳಿ ಎದುರಾತು. ಇವ ವಾಂತಿ ಮಾಡಿ ಮಲಗಿಬಿಟ್ಟ. ಲಿಂಬಿಹಣ್ಣ ಮೂಸಿಸಿ ಎಬ್ಬಿಸಿ ಕೂಡಿಸಿದೆ."

ಕೆಂಪು ಸಮುದ್ರದ ಗಾಳಿಯ ಬಗ್ಗೆ ನಾನು ಓದಿರಲಿಲ್ಲ, ಹಾಗೆಂದೇ ಹೇಳಿದೆ.

"ಇರಲಿ ಬಿಡ್ರಿ," ಎಂದ ತಮ್ಮ. "ಬರೂಮುಂದ ನಾನೂ ಹಡಗಿನ ಮ್ಯಾಲ ಬಂದು ನಿಂತಿದ್ದೆ. ಕಟಕಟೆ ಹಿಡಕೊಂಡಿದ್ದೆ ಖರೆ, ಆದ್ರ ನಿಂತಿದ್ದೆ."

ಚಾಚಿ ಜಮ್‌ಜಮ್ ಪುಣ್ಯಬಾವಿಯ ನೀರಿನ ಡಬ್ಬಿ ತೆರೆದು ನನ್ನ ಬೊಗಸೆಗೆ ಸುರಿದರು.