ಬೈ-ಟೂ ಮಾತ್ರೆ

ಆ ಮಳೆಗಾಲವಿಡೀ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆ ಹತ್ತಿರದ ಕಳವಾ ರೈಲು ಸ್ಟೇಷನ್ನಿನ ಮೆಟ್ಟಿಲ ಮೇಲೆ ಅಮ್ಮ ಎರಡು ಸಲ ತಲೆ ತಿರುಗಿ ಬಿದ್ದಿದ್ದಳು. ಬಿಪಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ಬೆಳಿಗ್ಗೆ ಹತ್ತಕ್ಕೆ ತಲೆಸುತ್ತು, ಸಂಜೆ ಬಿಪಿ ಮತ್ತೆ ಮೇಲೆ. ಡಾಕ್ಟರಿಗೂ ತಲೆಬುಡ ತಿಳಿಯಲಿಲ್ಲ. ಕೋಪರಖೈರಣೆ ಹತ್ತಿರದ ಲ್ಯಾಬಿನಿಂದ ನಾನು ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದೆ. ಅವಳು ಎತ್ತುವುದು ಸ್ವಲ್ಪ ತಡವಾದರೂ ಕತ್ತರಿಸಿ ಮತ್ತೆ ಮಾಡುತ್ತಿದ್ದೆ.

ಮಾತ್ರೆ ಮುದ್ರಿಸುವುದೇ ನನ್ನ ಕೆಲಸ. ಪಕ್ಕದ ಮೇಜಿನವರು ಜೀವಕೋಶ ಬೆರೆಸಿದ ಜೆಲ್ಲಿನಿಂದ ಕಿವಿಯ ಮೆದು ಎಲುಬನ್ನು ಮುದ್ರಿಸಲು ಒದ್ದಾಡುತ್ತಾರೆ. ನಾನು ತ್ರೀಡಿ ಪ್ರಿಂಟರಿನಲ್ಲಿ ಪದರದ ಮೇಲೆ ಪದರ ಕೂರಿಸಿ, ಔಷಧ ದಿನವಿಡೀ ಸ್ವಲ್ಪಸ್ವಲ್ಪವೇ ಇಳಿಯುವಂತೆ ಮಾಡುತ್ತೇನೆ. ಆಮೇಲೆ ಅದು ನೀರಿನಲ್ಲಿ ಕರಗುವುದನ್ನು ಗಂಟೆಗಟ್ಟಲೆ ಕಾಯುವುದು. ತಾಳ್ಮೆಯಿಲ್ಲದವಳಿಗೆ ಸಿಕ್ಕ ಕೆಲಸ ನೋಡಿ.

ಒಂದು ಭಾನುವಾರ ಔಷಧ ಹಾಕದ ಖಾಲಿ ಮಾತ್ರೆಯೊಂದನ್ನು ಅಮ್ಮನಿಗೆ ತೋರಿಸಿದೆ. ತಿರುಗಿಸಿ ನೋಡಿದವಳು ಹೆಬ್ಬೆರಳ ಉಗುರು ಒತ್ತಿ ಪಟ್ಟನೆ ಮುರಿದಳು. ಅಪ್ಪ ಪೇಪರಿನಿಂದ ತಲೆ ಎತ್ತದೆಯೇ ಅರ್ಧಕ್ಕೆ ಕೈ ಚಾಚಿದರು.

"ಮುರಿದದ್ದು ಎಂತಕ್ಕಮ್ಮ?"

"ಅಭ್ಯಾಸ. ನಂದೂ ನಿನ್ನಪ್ಪಂದೂ ಒಂದೇ ಮಾತ್ರೆ ಅಲ್ವಾ. ಇಡೀ ತಗೊಂಡ್ರೆ ಹೀಟ್ ಆಗ್ತದೆ. ಅದಕ್ಕೆ ದಿನಾ ಬೈ-ಟೂ."

ಮೂವತ್ತು ವರ್ಷ ಸಣ್ಣ ಹೊಟೇಲು ನಡೆಸಿದವರು ಅವರಿಬ್ಬರು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೈ ಪಳಗಿದೆ. ಆದರೆ ಆ ಬಿಪಿ ಮಾತ್ರೆ ನಿಧಾನ ಕರಗುವಂಥದ್ದು. ಮುರಿದರೆ ದಿನವಿಡೀ ಇಳಿಯಬೇಕಾದ ಔಷಧ ಒಮ್ಮೆಗೇ ನುಗ್ಗಿ ಬಿಪಿ ತೀರಾ ಇಳಿಸುತ್ತದೆ, ಸಂಜೆಗೆ ಏನೂ ಉಳಿಯುವುದಿಲ್ಲ. ನನಗೆ ರೇಗಿಹೋಯಿತು.

"ಡಾಕ್ಟರಿಗೆ ಹೇಳ್ಲಿಕ್ಕೆ ಎಂತ ಆಗಿತ್ತು?"

"ದಿನಾ ತಗೊಳ್ತೀರಾ ಕೇಳಿದ್ರು, ಹೌದು ಅಂದೆ." ಅಮ್ಮ ಮುರಿದ ಚೂರನ್ನು ಮೇಜಿನ ಮೇಲಿಟ್ಟಳು. "ನೀನೂ ಫೋನಲ್ಲಿ ಅಷ್ಟೇ ಕೇಳಿದ್ದು ಮಗಾ."

ನನಗೆ ನಾಚಿಕೆಯಾಯಿತು. ನಾನು ಮಾಡಿದ ಮಾತ್ರೆಗಳನ್ನು ನಿಮಿಷ ನಿಮಿಷಕ್ಕೂ ನೋಡುತ್ತಿದ್ದೆ. ಅವಳು ನುಂಗುವುದನ್ನು ಒಂದು ದಿನವೂ ನೋಡಿರಲಿಲ್ಲ. ಆಗಲೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಇಬ್ಬರನ್ನೂ ಕರೆಸಿ, ಪರೀಕ್ಷಿಸಿ, ಕಡಿಮೆ ಪ್ರಮಾಣದ ಮಾತ್ರೆ ಬರೆದರು, ಒಬ್ಬೊಬ್ಬರಿಗೆ ಒಂದೊಂದು, ಇಡಿಯಾಗಿ.

ಹೊಸ ಮಾತ್ರೆಯ ಮೊದಲ ಬೆಳಿಗ್ಗೆ ನಾನು ಲ್ಯಾಬಿಗೆ ಹೋಗಲಿಲ್ಲ. ಅಮ್ಮ ನುಂಗಿದಳು. ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಎಂಟಾಯಿತು, ಒಂಬತ್ತಾಯಿತು. ಹತ್ತು ದಾಟಿದರೂ ಅವಳಿಗೆ ತಲೆ ತಿರುಗಲಿಲ್ಲ, ಬೀನ್ಸ್ ಹೆಚ್ಚುತ್ತಲೇ ಇದ್ದಳು.

"ಇನ್ನು ಹೋಗು," ಅಂದಳು. ಮತ್ತೆ ಚಾಕು ನಿಲ್ಲಿಸಿ, "ಅಲ್ಲ, ಸ್ವಲ್ಪ ಕೂತ್ಕೋ. ನೀನು ಹೀಗೆ ಕೂತದ್ದು ನೋಡದೆ ತುಂಬ ದಿನ ಆಯ್ತು."