ಬಾಣಂತಿ ಕೋಣೆಯ ಕೆಂಡ

ಕಾಫಿ ಗಿಡದ ಬೊಡ್ಡೆ ಉರಿಯುವಾಗ ಬರುವ ಹೊಗೆಗೆ ಒಂದು ಒಗರು ವಾಸನೆ ಇರುತ್ತದೆ. ಮೊನ್ನೆ ವಸ್ತಾರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರ ಮನೆಯಿಂದಲೋ ಅದೇ ವಾಸನೆ ತೇಲಿ ಬಂತು. ನಿಮ್ಮ ಮನೆಯಲ್ಲೂ ಒಲೆಯ ಮುಂದೆ ಕೂರುತ್ತಿದ್ದವರೊಬ್ಬರು ಈಗ ಇಲ್ಲದಿದ್ದರೆ, ನನಗೇನಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ.

ಮಲ್ಲಂದೂರಿನ ಹತ್ತಿರ ನಮ್ಮದು ಸಣ್ಣ ತೋಟ, ತಗ್ಗು ಮಾಡಿನ ಹೆಂಚಿನ ಮನೆ. ಮನೆ ಈಗಿಲ್ಲ, ಆ ಜಾಗದಲ್ಲೂ ಕಾಫಿ ಗಿಡಗಳಿವೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪನ ತಂಗಿ ಸರೋಜತ್ತೆ ಬಾಣಂತನಕ್ಕೆ ಬಂದಳು. ಕಾಫಿ ಕುಯ್ಲಿನ ಕಾಲ, ಹಲ್ಲು ಕಟಕಟಿಸುವ ಚಳಿ. ಬಾಣಂತಿ ಕೋಣೆಯೆಂದರೆ ಅಜ್ಜಿಯ ರಾಜ್ಯ. ಕಿಟಕಿಯ ಸಂದಿಗಳಿಗೆಲ್ಲ ಗೋಣಿತಾಟಿನ ಚೂರು ತುರುಕಿದ್ದಳು. ಮಂಚದ ಕೆಳಗೆ ಕಬ್ಬಿಣದ ಬಾಂಡಲಿಯಲ್ಲಿ ಕೆಂಡ, ಅದರಲ್ಲಿ ಅರೆಬೆಂದ ಕೊಳ್ಳಿಗಳೂ ಇರುತ್ತಿದ್ದವು. ಇನ್ನೊಂದು ಕಡೆ ಕೆಂಡದ ಮೇಲೆ ಬುಟ್ಟಿ ಕವುಚಿ ಕೂಸಿನ ಬಟ್ಟೆ, ಟೋಪಿ ಒಣಗಿಸುತ್ತಿದ್ದಳು. ಕೆಲವು ದಿನಗಳಲ್ಲೇ ಕೂಸಿನ ಎದೆ ಗೊರಗೊರ ಎನ್ನತೊಡಗಿತು. ಹಾಲು ಕುಡಿಯುತ್ತಾ ಅರ್ಧಕ್ಕೇ ಬಿಟ್ಟು ಬಾಯಿ ತೆರೆಯುತ್ತಿತ್ತು. ಶೀತ ಏರಿದೆ ಎಂದು ಅಜ್ಜಿ ಮತ್ತಷ್ಟು ಕೆಂಡ ಸುರಿದಳು.

"ಅವ್ವಾ, ನಂಗೂ ಕಣ್ಣುರಿ. ಒಂಚೂರು ಕಿಟಕಿ ತೆಗಿಯೇ" ಎಂದಳು ಅತ್ತೆ.

"ಸುಮ್ನಿರೇ. ನಿನ್ನ ಹೆತ್ತಾಗ ಇದಕ್ಕಿಂತ ಹೊಗೆ ಇತ್ತು. ನೀನೇನು ಸತ್ತೋದ್ಯಾ? ಬಾಯಿ ಇನ್ನೂ ಇಷ್ಟುದ್ದ ಇದೆ."

ಮರುದಿನ ಬೆಳಗ್ಗೆ ಕೂಸಿನ ತುಟಿ ನೀಲಿಗಟ್ಟಿತ್ತು. ಅಪ್ಪ ಜೀಪು ತಂದರು. ಅಮ್ಮ ಹಣ್ಣು ಕೊಯ್ಯಲು ತೋಟಕ್ಕೆ ಹೋಗಿದ್ದಳು, ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ನನ್ನನ್ನೂ ಹಿಂದೆ ಕೂರಿಸಿಕೊಂಡರು. ಚಿಕ್ಕಮಗಳೂರಿನ ಡಾಕ್ಟರು ಕೂಸಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿದರು, ಆಮೇಲೆ ಅದರ ಟೋಪಿ ತೆಗೆದು ಮೂಗಿನ ಹತ್ತಿರ ಹಿಡಿದರು.

"ಅಜ್ಜಿ, ಬಾಳೆಗೊನೆ ಹಣ್ಣಾಗ್ಲಿ ಅಂತ ಹೊಗೆ ಹಾಕ್ತೀರಲ್ಲ, ಕೂಸಿಗೂ ಹಾಗೇ ಹಾಕಿದ್ದೀರಾ?"

"ಚಳಿ ಅಲ್ವಾ ಸಾರ್... ಬೆಚ್ಚಗಿರ್ಲಿ ಅಂತ."

"ಬೆಚ್ಚಗಿರ್ಲಿ, ಬೇಡ ಅಂದೋರ್ಯಾರು? ಇದು ಬರೀ ಶೀತ ಅಲ್ಲ, ಹೊಗೆ. ಮತ್ತೆ ಒಳಗೆ ಬೆಂಕಿ ಇಟ್ರೆ ಉಳಿಯುತ್ತೆ ಅಂತ ನಾನು ಹೇಳಲ್ಲ."

ಅಜ್ಜಿ ಆಸ್ಪತ್ರೆಯ ಜಗಲಿಯಲ್ಲಿ ಕೂತು ಕಳಸದ ಸ್ವಾಮಿಗೆ ಹರಕೆ ಹೊತ್ತಳು. ದೇವರು ದೊಡ್ಡವನು, ಕೂಸು ಉಳಿಯಿತು. ಮನೆಗೆ ಬಂದ ದಿನ ಅತ್ತೆ ಹೊಸಿಲು ದಾಟುವ ಮೊದಲೇ ಅಜ್ಜಿ ಬಾಂಡಲಿಯನ್ನು ಎತ್ತಿ ಕೋಣೆಯಿಂದ ಆಚೆ ಇಟ್ಟು, ಗೋಣಿಚೂರುಗಳನ್ನೆಲ್ಲ ಕಿತ್ತಳು. ಆಮೇಲೆ ಕುಪ್ಪಸದ ಗುಂಡಿ ಬಿಚ್ಚಿ, ಕೂಸನ್ನು ತನ್ನ ಮೈಗೇ ಒತ್ತಿಕೊಂಡು, ಮೇಲೆ ಕಂಬಳಿ ಹೊದ್ದು ಕೂತಳು. "ಬೆಂಕಿ ಬೇಡ ಅಂದ್ರಲ್ಲ, ನಾನಿದೀನಿ ಬಾ" ಎಂದಳು. ಆ ಚಳಿಗಾಲ ಮುಗಿಯುವವರೆಗೂ ಹಾಗೇ ಕೂತಳು.

ಬಾಂಡಲಿ ಮಾತ್ರ ಮನೆ ಬಿಟ್ಟು ಹೋಗಲಿಲ್ಲ, ಅಡುಗೆಮನೆಯಲ್ಲಿ ಅಜ್ಜಿ ಮಲಗುವ ಮೂಲೆಗೆ ಹೋಯಿತು. ಅಪ್ಪ ಬೇಡವೆಂದರೆ, "ಡಾಕ್ಟ್ರು ಹೇಳಿದ್ದು ಕೂಸಿಗೆ ಮಾರಾಯ. ನಾನು ಒಲೆ ಮುಂದೇನೇ ಬೆಳೆದೋಳು" ಎನ್ನುತ್ತಿದ್ದಳು. ನಾವೂ ನಗುತ್ತಿದ್ದೆವು. ಅವಳ ಕೆಮ್ಮು ಎಷ್ಟು ಹಳೆಯದೆಂದರೆ ಅದನ್ನು ಕೇಳಿಯೇ ಅಜ್ಜಿ ಯಾವ ಕೋಣೆಯಲ್ಲಿದ್ದಾಳೆಂದು ತಿಳಿಯುತ್ತಿತ್ತು; ಕಾಯಿಲೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ನನಗೆ ಮದುವೆಯಾಗುವ ಹೊತ್ತಿಗೆ ಅವಳಿಗೆ ಅಂಗಳ ದಾಟಲೂ ಆಗುತ್ತಿರಲಿಲ್ಲ. ಜೀವಮಾನದ ಹೊಗೆ ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. "ಹಂಗಾದ್ರೆ ನಮ್ಮ ದೇವ್ರಿಗೂ ಕೆಮ್ಮು ಬಂದಿರ್ಬೇಕು ಕಣೇ, ಎಷ್ಟು ಧೂಪ ಹಾಕಿದೀನಿ" ಎಂದು ನಕ್ಕಳು, ನಗು ಮುಗಿಸಲು ಉಸಿರು ಸಾಲಲಿಲ್ಲ.

ನನ್ನ ಅಡುಗೆಮನೆಯಲ್ಲಿ ಈಗ ಗ್ಯಾಸಿದೆ, ದೊಡ್ಡ ಕಿಟಕಿಯಿದೆ. ಆ ಕೂಸು ಎರಡು ಮಕ್ಕಳ ತಾಯಿಯಾಗಿ ಕೊಟ್ಟಿಗೆಹಾರದಲ್ಲಿ ಸುಖವಾಗಿದ್ದಾಳೆ. ಇವೆಲ್ಲ ಸಣ್ಣ ಕೃಪೆಗಳೇನಲ್ಲ. ಆದರೆ ನಾನು ದೀಪ ಹಚ್ಚುವಾಗ ಮೊದಲು ನೆನೆಯುವುದು ಬೇರೆಯದನ್ನು. ಅಜ್ಜಿಯ ಕೊನೆಯ ದಿನ ನಾನು ತವರಿನಲ್ಲಿದ್ದೆ. ಬೆಳಗ್ಗೆ ಕಾಫಿ ಒಣಗಿಸುವ ಕಣದ ಪಕ್ಕ, ಎಳೆಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿದ್ದೆವು. "ಇವತ್ತು ಉಸಿರು ಸಲೀಸಾಗಿದೆ ಕಣೇ, ಒಂದು ಲೋಟ ಕಾಫಿ ಕೊಡು" ಎಂದಳು. ಕೊಟ್ಟೆ. ನಡುವೆ ಒಂದು ಸಲವೂ ನಿಲ್ಲಿಸದೆ ಕುಡಿದಳು. ಮಧ್ಯಾಹ್ನದೊಳಗೆ ಹೋದಳು. ದೇವರು ಅಷ್ಟನ್ನಾದರೂ ಕೊಟ್ಟ.